ಕಂಪ್ಯೂಟರಿನ ಜವಳಿ ತೆಗೆದದ್ದು

ಒಬ್ಬನೇ ಅಂಗಡಿಗೆ ಹೋಗಿ ದೊಡ್ಡ ವಸ್ತುವೊಂದನ್ನು ಕೊಂಡು ತರುವ ಧೈರ್ಯ ನನಗೆ ಈವರೆಗೆ ಬಂದಿಲ್ಲ. ಇದನ್ನು ನನ್ನ ಹೆಂಡತಿ ಪುಕ್ಕಲುತನ ಎನ್ನುತ್ತಾಳೆ. ನಾನು ಸಂಸ್ಕಾರ ಎಂದು ಹೇಳಿಕೊಂಡು ತಿರುಗುತ್ತೇನೆ. ನಮ್ಮ ಆಳಂದದ ಕಡೆ ಲಗ್ನದ ಜವಳಿ ತೆಗೆಯುವುದೆಂದರೆ ಐದೋ ಏಳೋ ಮಂದಿ ಸೊಲ್ಲಾಪುರದ ಬಸ್ಸು ಹತ್ತಬೇಕು, ಹಿರಿಯರೊಬ್ಬರು ಮುಂದಿರಬೇಕು, ಬಂದವರೆಲ್ಲರ ಮಾತಿಗೂ ಒಂದೊಂದಾದರೂ ಬಟ್ಟೆ ತೆಗೆಯಬೇಕು. ಇಲ್ಲವಾದರೆ ಅವರು ಲಗ್ನಕ್ಕೆ ಬಂದು, ಹೊಟ್ಟೆ ತುಂಬ ಉಂಡು, ಸಾರು ಸಪ್ಪೆಯಾಗಿತ್ತು ಎಂದು ಊರಿಗೆಲ್ಲ ಹೇಳುತ್ತಾರೆ. ಬಟ್ಟೆಯ ಮಟ್ಟಿಗೆ ಈ ಪದ್ಧತಿ ಚೆನ್ನಾಗಿಯೇ ಇದೆ. ಮದುಮಗಳ ಸೀರೆಗೂ ಬೀಗರ ಧೋತರಕ್ಕೂ ಹೊಂದಿಕೆಯಾಗದಿದ್ದರೆ ಯಾವ ಲಗ್ನವೂ ನಿಲ್ಲುವುದಿಲ್ಲ. ನಾನು ಮಾಡಿದ್ದೇನೆಂದರೆ, ಇದೇ ಪದ್ಧತಿಯಲ್ಲಿ ಕಂಪ್ಯೂಟರ್ ತಂದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ. ಲಗ್ನಗಳ ವಿಡಿಯೊ ಶೂಟಿಂಗೂ ಮಾಡುತ್ತಿದ್ದೆ. ಥರ್ಮೋಕೋಲಿನ ಮೇಲೆ ವಧೂವರರ ಹೆಸರು ಅಂಟಿಸಿ, ನಾಲ್ಕು ಗುಲಾಬಿ ಪಕಳೆ ಉದುರಿಸಿ ಕ್ಯಾಸೆಟ್ಟಿನ ಮೊದಲಿಗೆ ಹಾಕಿದರೆ ಜನ ಸಂತೋಷಪಡುತ್ತಿದ್ದರು. ಅಷ್ಟರಲ್ಲಿ ಗುಲಬರ್ಗಾದ ಸ್ಟುಡಿಯೊದವನೊಬ್ಬ ಹೆಸರುಗಳನ್ನು ಕಂಪ್ಯೂಟರಿನಲ್ಲಿ ಹಾರಿಸತೊಡಗಿದ. ಕಮಲ ಅರಳುತ್ತದೆ, ಅದರೊಳಗಿಂದ ಹೆಸರುಗಳು ಗಿರಗಿರ ತಿರುಗುತ್ತ ಹೊರಗೆ ಬರುತ್ತವೆ. ಅದನ್ನು ನೋಡಿದ ಮೇಲೆ ನನ್ನ ಥರ್ಮೋಕೋಲು ಯಾರಿಗೂ ಬೇಡವಾಯಿತು. ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಪಾಟೀಲರು ಮಗಳನ್ನು ಜೇವರ್ಗಿಗೆ ಕೊಟ್ಟಿದ್ದರು. ಆ ಲಗ್ನದ ಶೂಟಿಂಗ್ ಮುಗಿಸಿ ನಾನು ಕ್ಯಾಮೆರಾ ಚೀಲಕ್ಕಿಡುವಾಗ, ಹೆಸರು ಹಾರಿದರೆ ತಮ್ಮ ಅಣ್ಣನ ಮನೆಯ ಎರಡು ಲಗ್ನವೂ ನನ್ನವೇ, ಹಾರದಿದ್ದರೆ ಗುಲಬರ್ಗಾದವನಿದ್ದಾನೆ ಎಂದು ಅವರು ಬಹಳ ಪ್ರೀತಿಯಿಂದ ತಿಳಿಸಿದರು. ನಾಗರಪಂಚಮಿಗೆ ಮಗಳು ಅಳಿಯ ಬಂದಾಗ ಎಲ್ಲರೂ ಕೂತು ಕ್ಯಾಸೆಟ್ ನೋಡಬೇಕಂತೆ. ಆ ಎರಡು ಲಗ್ನ ಕೈತಪ್ಪಿದರೆ, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವರ ಗದ್ದ ಎತ್ತುತ್ತ ಇಳಿಸುತ್ತ ನಾನು ಮುದುಕನಾಗಬೇಕಿತ್ತು. ಹೆದರಿಕೆಯಲ್ಲಿ ಹಾರಿಸುತ್ತೇನೆ ಎಂದುಬಿಟ್ಟೆ.

ಸೊಲ್ಲಾಪುರಕ್ಕೆ ಐದು ಮಂದಿ ಹೊರಟೆವು. ಮುಂದಾಳು ನಮ್ಮ ಬಸವಣ್ಣಪ್ಪ ಕಾಕಾ. ಮೂವತ್ತು ಲಗ್ನಗಳ ಜವಳಿ ತೆಗೆದ ಕೈ ಅವರದು. ನನ್ನ ಹೆಂಡತಿ ಮಹಾದೇವಿ, ಗುಲಬರ್ಗಾದಲ್ಲಿ ಮೂರು ತಿಂಗಳು ಕಂಪ್ಯೂಟರ್ ಕಲಿತು ಬಂದ ಅವಳ ತಮ್ಮ ಸಿದ್ದು, ನಾನು, ಮತ್ತು ಲೆಕ್ಕ ಬೆಸವಾಗಲೆಂದು ಕರೆದುಕೊಂಡ ಪಕ್ಕದ ಮನೆಯ ವೈನಿ. ಸಿದ್ದು ಕಲಿತದ್ದರಲ್ಲಿ ಹೆಚ್ಚಿನದು ಕಾರು ಓಡಿಸುವ ಗೇಮು. ಆದ್ದರಿಂದ ನಮ್ಮ ಕಂಪ್ಯೂಟರು ಕಮಲವನ್ನೂ ಅರಳಿಸಬೇಕು, ಕಾರನ್ನೂ ಓಡಿಸಬೇಕು, ಅಗ್ಗವೂ ಆಗಿರಬೇಕು ಎಂದು ಬಸ್ಸಿನಲ್ಲೇ ತೀರ್ಮಾನವಾಯಿತು.

ಅಂಗಡಿಯವರು ಬಿಡಿಭಾಗಗಳನ್ನು ಒಂದೊಂದಾಗಿ ಗಾಜಿನ ಮೇಲೆ ಹರವಿದರು. ಕಾಕಾ ಮೂರು ಕ್ಯಾಬಿನೆಟ್ಟುಗಳನ್ನು ಗಡಿಗೆ ಬಡಿದು ನೋಡುವ ಹಾಗೆ ಬೆರಳಿನಿಂದ ಬಡಿದು, ಎತ್ತಿ, ಎಲ್ಲಕ್ಕಿಂತ ಭಾರವಾದದ್ದನ್ನು ಆರಿಸಿದರು. ಮಹಾದೇವಿ ನಮ್ಮ ಶೋಕೇಸಿನ ಖಾನೆಯನ್ನು ದಾರದಲ್ಲಿ ಅಳೆದುಕೊಂಡು ಬಂದಿದ್ದಳು. ಅದಕ್ಕೆ ಸರಿಹೊಂದುವ ಮಾನಿಟರ್ ತೆಗೆದಳು. ಸಿದ್ದು ಜಾಯ್‌ಸ್ಟಿಕ್ಕನ್ನೂ ಮೊಣಕಾಲೆತ್ತರದ ಸ್ಪೀಕರುಗಳನ್ನೂ ಹಿಡಿದು ನಿಂತ. ವೈನಿಯ ಮಾತಿಗೆ ಇಡೀ ಕಂಪ್ಯೂಟರಿಗೆ ಹೊದಿಸುವ ಹೂವಿನ ಹೊದಿಕೆ ಬಂತು. ನನ್ನ ಪಾಲಿಗೆ ಉಳಿದದ್ದು ಅಂಗೈಯಷ್ಟಗಲದ ಒಂದು ಕಾರ್ಡು. ಇದಿದ್ದರೆ ಕಂಪ್ಯೂಟರಿನ ಚಿತ್ರ ವಯರಿನಲ್ಲಿ ಹಾದು ನೇರವಾಗಿ ಕ್ಯಾಸೆಟ್ಟಿಗೆ ಹೋಗುತ್ತದೆ, ಇಲ್ಲದಿದ್ದರೆ ಪರದೆಯ ಮೇಲೆಯೇ ಉಳಿಯುತ್ತದೆ ಎಂದು ಅಂಗಡಿಯವರು ಅರ್ಧ ಮರಾಠಿಯಲ್ಲಿ ತಿಳಿಸಿ ಹೇಳಿದರು. ಕಾಕಾ ಅದನ್ನು ತಿರುವಿ ನೋಡಿದರು.

"ಇದರಾಗ ಹಿಡಿಯಾಕರೆ ಏನದರಿ? ಇಷ್ಟು ತಗಡಿಗೆ ಡಬ್ಬಿಗಿಂತ ಜಾಸ್ತಿ ರೊಕ್ಕ ಹೇಳಾಕತ್ತೀರಿ" ಎಂದವರೇ ಎದ್ದು ಬಾಗಿಲಿಗೆ ನಡೆದರು.

ಜವಳಿಯಲ್ಲಿ ಇದು ಮಾಮೂಲು. ಹಿರಿಯರು ಎದ್ದರೆ ಎಲ್ಲರೂ ಏಳಬೇಕು, ಅಂಗಡಿಯವರು ಕರೆಯಬೇಕು, ಬೆಲೆ ಇಳಿಯಬೇಕು. ಇವರೂ ಕರೆದರು, ಇಳಿಸಿದರು. ಆದರೆ ಸೀರೆಯ ಬೆಲೆ ಇಳಿದರೆ ಸೀರೆ ಗೇಣು ಮೋಟಾಗುವುದಿಲ್ಲ. ಇಲ್ಲಿ ಬೆಲೆಯ ಜೊತೆಗೆ ಆ ಕಾರ್ಡೂ ಅರ್ಧ ಮೆಮೊರಿಯೂ ಗಾಜಿನ ಮೇಲಿಂದ ಕಪಾಟಿಗೆ ವಾಪಸ್ಸಾದವು. ಕಾರ್ಡಿಲ್ಲದೆ ನನ್ನ ಕೆಲಸ ಆಗುವುದಿಲ್ಲ ಎಂದು ಐವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಕಾಕಾನ ಮಾತು ಮೀರಬಾರದೆಂದು ಸುಮ್ಮನಿದ್ದೆ ಎಂದು ಆಮೇಲೆ ಹೇಳಿಕೊಂಡೆ. ನಿಜವೆಂದರೆ ಚಹಾ ಬಂದಿತ್ತು, ಬೆಲೆ ಇಳಿದಿತ್ತು, ನನಗೂ ಖುಷಿಯಾಗಿತ್ತು. ಕಾಕಾ ಸೀರೆಯ ಜೊತೆ ಕುಬಸದ ಖಣ ಕೇಳುವ ರೂಢಿಯಂತೆ ಮೇಲೊಂದು ಏನಾದರೂ ಕೊಡಿರೆಂದರು. ಮೌಸಿನ ಕೆಳಗೆ ಹಾಸುವ ರಬ್ಬರಿನ ತುಂಡು ಸಿಕ್ಕಿತು.

ಮನೆಯಲ್ಲಿ ಮಾನಿಟರು ಶೋಕೇಸಿನೊಳಗೆ ಅಚ್ಚುಕಟ್ಟಾಗಿ ಕೂತಿತು. ಉಳಿದ ಯಾವುದೂ ಅಷ್ಟು ಅಚ್ಚುಕಟ್ಟಾಗಿರಲಿಲ್ಲ. ಸಿದ್ದು ಜಾಯ್‌ಸ್ಟಿಕ್ ಎಡಕ್ಕೆ ತಿರುವಿ ನೀರು ಕುಡಿದು ಬಂದ ಮೇಲೆ ಕಾರು ಎಡಕ್ಕೆ ಹೊರಳುತ್ತಿತ್ತು. ಕಮಲದ ಒಂದೊಂದು ಎಸಳಿಗೆ ಒಂದೊಂದು ಮುಂಜಾನೆ ಬೇಕಾಯಿತು. ನಡುವೆ ಕರೆಂಟು ಹೋದರೆ ಮತ್ತೆ ಮೊಗ್ಗಿನಿಂದ ಶುರು. ಹೇಗೋ ಹೂವು ಅರಳಿತು, ನೀಲಿ ಆಕಾಶದಲ್ಲಿ ಹೆಸರುಗಳು ತಿರುಗಿದವು. ಅವು ಕ್ಯಾಸೆಟ್ಟಿಗೆ ಹೋಗುವ ದಾರಿ ಮಾತ್ರ ಸೊಲ್ಲಾಪುರದ ಕಪಾಟಿನಲ್ಲಿತ್ತು. ಪಂಚಮಿಗೆ ಎರಡೇ ದಿನ. ಕೊನೆಗೆ ಮಾನಿಟರಿನ ಎದುರಿಗೇ ಕ್ಯಾಮೆರಾ ನಿಲ್ಲಿಸಿ ಪರದೆಯನ್ನೇ ಶೂಟ್ ಮಾಡಿದೆ. ಧಗೆಯೋ ಧಗೆ. ಅಂಗಿ ಕಳಚಿ, ಕಿಟಕಿ ತೆರೆದಿಟ್ಟು, ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೆಲಸ ಮುಗಿಸಿದೆ. ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟರೆ ಕಡಲೆಬೇಳೆಯಷ್ಟು ಕಪ್ಪು ಬಿಳುಪು ಚಿತ್ರ. ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಂಡಿತು.

ಪಂಚಮಿಯ ದಿನ ಗೊಬ್ಬೂರದಲ್ಲಿ, ಕ್ಯಾಸೆಟ್ ಕೊಡಲು ಹೋದ ನನ್ನನ್ನೂ ಕೂರಿಸಿಕೊಂಡು, ಉಂಡಿ ತಿನ್ನುತ್ತ ಮನೆಮಂದಿಯೆಲ್ಲ ಟಿವಿಯ ಮುಂದೆ ಕೂತರು. ಕಮಲ ಅರಳಿತು. ಹೆಸರುಗಳು ಹಾರಿ ಬಂದವು. ಪಾಟೀಲರ ಮುಖ ಅರಳಿದ್ದನ್ನು ನೋಡಿ ನನಗೆ ಜೀವ ಬಂದಂತಾಯಿತು. ಆಗ ಅವರ ತಾಯಿ ಸೊಸೆಯ ಕಡೆ ತಿರುಗಿ ಕೇಳಿದರು.

"ಇಂವ ಯಾರ್ ಬೇ, ನಮ್ಮ ಹುಡುಗಿ ಹೆಸರಿನ ಬಾಜೂಕ ಬನೇನ್ ಮ್ಯಾಲೆ ನಿಂತು ಬೆವರು ಒರಸ್ಕೊಳ್ಳಾಕತ್ತಾನ?"

ಜೇವರ್ಗಿಯ ಅಳಿಯಂದಿರು ಬಗ್ಗಿ ನೋಡಿ, ತಮ್ಮ ಕಡೆಯವರಲ್ಲ, ಹೆಣ್ಣಿನ ಕಡೆಯವರಿರಬೇಕು ಎಂದರು. ಹೆಣ್ಣಿನ ಕಡೆಯವರು ಒಪ್ಪಲಿಲ್ಲ. ಪಾಟೀಲರು ಕ್ಯಾಸೆಟ್ಟನ್ನು ಮೂರು ಸಲ ಹಿಂದಕ್ಕೋಡಿಸಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಾನಿಟರಿನ ಗಾಜು ನನ್ನನ್ನು ಟವೆಲ್ಲಿನ ಸಮೇತ ಹಿಡಿದುಕೊಟ್ಟಿತ್ತು. ನಾನು ಕೈಯಲ್ಲಿದ್ದ ಉಂಡಿಯನ್ನು ತಟ್ಟೆಯಲ್ಲಿಟ್ಟು, ಎರಡು ಲಗ್ನವೂ ಹೋದವೆಂದು ಚಪ್ಪಲಿ ಹುಡುಕಲು ಎದ್ದೆ.

"ಕೂಡ್ರಿ" ಎಂದರು ಪಾಟೀಲರು. "ಹೆಸರು ಭಾಳ ಚಂದ ಹಾರ್ಯಾವ. ಅಣ್ಣನ ಮನಿ ಲಗ್ನಾನೂ ನೀವೇ ಮಾಡ್ರಿ. ಆದ್ರ ಅವತ್ತ ಒಂದು ಅಂಗಿ ಹಾಕ್ಕೋರಿ."

ಆಮೇಲಾದರೂ ಆ ಕಾರ್ಡು ತರಬಹುದಿತ್ತು. ಆದರೆ ಅದಕ್ಕೆ ಮತ್ತೆ ಕಾಕಾನನ್ನು ಮುಂದಿಟ್ಟುಕೊಂಡು ಐದು ಮಂದಿ ಸೊಲ್ಲಾಪುರಕ್ಕೆ ಹೋಗಬೇಕು. ಪಾಟೀಲರ ಅಣ್ಣನ ಮನೆಯ ಎರಡೂ ಕ್ಯಾಸೆಟ್ಟುಗಳಲ್ಲಿ, ವಧೂವರರ ಹೆಸರುಗಳ ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ನಾನು ನಿಂತಿದ್ದೇನೆ.