ಸ್ಯಾಕ್ಸೋಫೋನ್ ಮಾಡಿದವನ ಮೇಲೆ ನನ್ನ ಹೊಟ್ಟೆಕಿಚ್ಚು

ಅಂದು ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಅತ್ತೆಯವರ ಪೂಜೆಗೆ ದಾಸವಾಳ ಬಿಡಿಸಿಟ್ಟು, ಯಜಮಾನರು ಬ್ಯಾಂಕಿಗೆಂದು ಮೈಸೂರಿನ ರೈಲಿಗೆ ಹೊರಟ ಮೇಲೆ ರೀಡನ್ನು ಲೋಟದ ನೀರಿಗೆ ಹಾಕಿದೆ. ರೀಡು ಎಂದರೆ ಸ್ಯಾಕ್ಸೋಫೋನಿನ ಬಾಯಿಗೆ ಕಟ್ಟುವ ತೆಳ್ಳನೆಯ ಜೊಂಡಿನ ಪಟ್ಟಿ. ನೆನೆಯದೆ ದನಿ ಕೊಡುವುದಿಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಸ್ಯಾಕ್ಸೋಫೋನ್ ಕಲಿಯುತ್ತಿದ್ದೇನೆ. ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ಸಂಕೋಚದ ವಿಷಯಗಳನ್ನು ಮನೆಗೆಲಸದ ನಡುವೆ ಸೇರಿಸಿ ಹೇಳಿಬಿಡುವುದು ನನ್ನ ಅಭ್ಯಾಸ.

ಅತ್ತೆಯವರಿಗೆ ವಾದ್ಯದ ಮೇಲೆ ಕೋಪವಿಲ್ಲ. ಮದುವೆಮನೆಗಳಲ್ಲಿ ನಾಗಸ್ವರದ ಪಕ್ಕ ಅದು ಬಂದು ಕೂತದ್ದನ್ನು ಅವರೂ ಕಂಡವರೇ. ಅವರ ತಕರಾರು ಎಂಜಲಿನದು. ಬಾಯಿಗಿಟ್ಟದ್ದನ್ನು ಅಡುಗೆಮನೆಯ ಲೋಟದಲ್ಲಿ ನೆನೆಸುವುದೇ ಎಂದು, ಆ ಲೋಟಕ್ಕೆ ಗುರುತಿನ ಕೆಂಪು ದಾರ ಕಟ್ಟಿ ಬಚ್ಚಲುಮನೆಯ ಕಿಟಕಿಗೆ ಗಡೀಪಾರು ಮಾಡಿದ್ದಾರೆ. ಊದುವುದೆಲ್ಲ ಹಿತ್ತಲಲ್ಲಿ. ಆಮೇಲೆ ಬಾಯಿ ಮುಕ್ಕಳಿಸಿದರೇ ಒಳಗೆ ಪ್ರವೇಶ.

ವಾರಕ್ಕೊಮ್ಮೆ ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಕಲಿಸುವವರು ಮಾದಪ್ಪ ಮೇಷ್ಟ್ರು. ಅಂದು ಅವರು ಬಂದಾಗ, ಇದಕ್ಕೆ ಈ ಹೆಸರು ಹೇಗೆ ಬಂತು ಎಂದು ಕೇಳಿದೆ. ಇಷ್ಟು ವರ್ಷ ಮದುವೆಗಳಲ್ಲಿ ಊದಿದರೂ ಒಬ್ಬ ಬೀಗರೂ ತಮ್ಮನ್ನು ಹಾಗೆ ಕೇಳಿಲ್ಲ ಎಂದರು. ಮೊಬೈಲಿನಲ್ಲಿ ಹುಡುಕಿದೆ. ಬೆಲ್ಜಿಯಂ ದೇಶದ ಸ್ಯಾಕ್ಸ್ ಎಂಬಾತ ಮಾಡಿದ ವಾದ್ಯವಂತೆ. ತನ್ನ ಮನೆತನದ ಹೆಸರಿಗೆ ಗ್ರೀಕರ ‘ದನಿ’ ಎಂಬ ಪದವನ್ನು ಅಂಟಿಸಿದ, ಮುಗಿಯಿತು. ಸ್ಯಾಕ್ಸನ ದನಿ. ನಾಚಿಕೆ ಎಂಬುದೇ ಇಲ್ಲ.

ನನಗೆ ಹೊಟ್ಟೆಕಿಚ್ಚಾಯಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಹಾಜರಿ ಕೂಗುವಾಗ ‘ಸುಲೋಚನಾ’ ಎಂದು ಕೊನೆಯ ದೀರ್ಘವನ್ನೂ ಬಿಡದೆ ಕರೆಯುತ್ತಿದ್ದರು. ಮದುವೆಯಾಗಿ ನಂಜನಗೂಡಿನ ಈ ಬೀದಿಗೆ ಬಂದ ಮೇಲೆ ಆ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು. ಹೊರಗೆ ನಾನು ಬ್ಯಾಂಕಿನವರ ಮನೆಯವರು, ಇಲ್ಲವೇ ಕಾವ್ಯನ ಅಮ್ಮ. ಇಪ್ಪತ್ತೈದು ವರ್ಷದಿಂದ ನಾನೇ ಕೈಯಾರೆ ಮಾಡಿ ಬೀದಿಗೆಲ್ಲ ಹಂಚುವ ಬದನೆಕಾಯಿ ಗೊಜ್ಜು ಕೂಡ ಬ್ಯಾಂಕಿನವರ ಮನೆ ಗೊಜ್ಜು. ಒಂದು ಸಲವಾದರೂ ಈ ಬೀದಿಯಲ್ಲಿ ಯಾರ ಬಾಯಲ್ಲಾದರೂ ನನ್ನ ಹೆಸರು ಕೇಳಬೇಕು ಎನಿಸಿ, ಹಾಗೆಂದು ಮೇಷ್ಟ್ರಿಗೂ ಹೇಳಿದೆ.

“ಎಸ್ರು ಅತ್ಲಾಗಿರ್ಲಿ ಅಮ್ಮಾವ್ರೆ, ಮೊದ್ಲು ಉಸ್ರು ಕಟ್ಟೋದ ಕಲೀರಿ” ಎಂದರು.

ನಾನು ಕೇಳಲಿಲ್ಲ. ಅವರು ಹೋದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಬೆನ್ನಿನ ಬಿಳಿಯ ಕಡೆ ‘ಸುಲೋಚನಾ’ ಎಂದು ದಪ್ಪಗೆ ಬರೆದು, ಗೇಟಿನಲ್ಲಿ ಯಜಮಾನರ ಬೋರ್ಡಿನ ಕೆಳಗೆ ಅಂಟಿಸಿದೆ. ಸಿಪ್ಪೆ ಎಸೆಯುವ ನೆಪದಲ್ಲಿ ನಾಲ್ಕು ಸಲ ಹೋಗಿ ನೋಡಿದೆ. ಓದಿದವರು ಅತ್ತೆಯವರೊಬ್ಬರೇ, ಅದೂ ಕನ್ನಡಕವಿಲ್ಲದೆ. “ಯಾಕಮ್ಮ, ಮನೆ ಬಾಡಿಗೆಗೆ ಬಿಡ್ತಿದ್ದೀಯಾ?” ಎಂದು ಕೇಳಿದರು.

ಸಂಜೆ ಕೊರಿಯರಿನವನು ಬಂದ. ಹೊಸ ರೀಡುಗಳನ್ನು ಹೋದ ವಾರವೇ ಹಟಕ್ಕೆ ಬಿದ್ದು ನನ್ನ ಹೆಸರಿಗೇ ಆರ್ಡರ್ ಮಾಡಿದ್ದೆ. ಅವನು ನೇರ ಎದುರುಮನೆಯ ಜಯಮ್ಮನವರ ಹತ್ತಿರ ಹೋಗಿ, ಸುಲೋಚನಾ ಅವರ ಮನೆ ಯಾವುದು ಎಂದ. ನಾನು ಬಾಗಿಲ ಹಿಂದೆ ನಿಂತೆ. ಉಸಿರು ಕಟ್ಟುವುದು ಆಗ ತಾನಾಗಿಯೇ ಬಂತು. ಅಂಥವರು ಈ ಬೀದಿಯಲ್ಲೇ ಇಲ್ಲ ಎಂದರು ಜಯಮ್ಮ. ಅವನು ಪೊಟ್ಟಣ ತಿರುಗಿಸಿ, ಸ್ಯಾಕ್ಸೋಫೋನ್ ರೀಡು ಅಂತ ಬರೆದಿದೆಯಲ್ಲ ಎಂದ.

ಜಯಮ್ಮ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲಿಸದೆಯೇ ಹೇಳಿದರು: “ಓ, ನಮ್ ಸ್ಯಾಕ್ಸೋಫೋನಮ್ಮಂದಾ? ಅಗೋ, ಆ ಗೇಟು. ಎಸ್ರು ತಪ್ಪಾಗಿ ಬರ್ದವ್ರೆ ಕಣಪ್ಪ, ತಿದ್ಕೊ.”