ರಾಕ್ಷಸರ ಕಡೆಯ ನಮ್ಮ ಅತ್ತೆ

“ನಿನ್ನ ಅತ್ತೆ ದೊಡ್ಡ ರಾಕ್ಷಸಿಯಂತೆ!” ಎಂದು ಮದುವೆಗೆ ಮುಂಚೆ ವಿಜಾಪುರದ ನಮ್ಮ ಓಣಿಯವರೆಲ್ಲ ನನ್ನನ್ನು ಹೆದರಿಸಿದ್ದರು. ಅದು ಶುದ್ಧ ಸುಳ್ಳು. ನಮ್ಮ ಅತ್ತೆ ರಾಕ್ಷಸಿಯಲ್ಲವೇ ಅಲ್ಲ, ರಾಕ್ಷಸರ ವಕೀಲರು! ಯಾರೂ ಕರೆಯದೆ, ಕಕ್ಷಿದಾರರ ಮುಖವನ್ನೇ ಕಾಣದೆ, ತುಂಬಿದ ಸಭೆಯಲ್ಲಿ ಎದ್ದು ನಿಂತು ರಾಕ್ಷಸರ ಪರವಾಗಿ ವಾದಿಸುವ ಇನ್ನೊಬ್ಬ ಹೆಂಗಸು ಈ ಜಿಲ್ಲೆಯಲ್ಲಿದ್ದರೆ ತೋರಿಸಿ, ನಾನು ಸೋತೆ ಎಂದು ಒಪ್ಪಿಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಮಾತು. ಬಬಲೇಶ್ವರದ ಆ ಮನೆಗೆ ನಾನು ಸೊಸೆಯಾಗಿ ಹೋದಾಗ ನನಗೆ ಹೇಳಿಕೊಳ್ಳುವಂಥ ತವರು ಇರಲಿಲ್ಲ. ಹೆತ್ತವ್ವ ನಾನು ಸಾಲೆಗೆ ಹೋಗುವಾಗಲೇ ತೀರಿಕೊಂಡಿದ್ದಳು. ಅಪ್ಪ ಇನ್ನೊಬ್ಬಳನ್ನು ಮದುವೆಯಾದ. ಅವಳನ್ನು ನಾನು ಚಿಗವ್ವ ಎಂದು ಕರೆಯುತ್ತಿದ್ದೆ, ಅದೂ ಕರೆಯಲೇಬೇಕಾದಾಗ ಮಾತ್ರ. ಅಪ್ಪನ ಮರುಮದುವೆಯ ಸಿಟ್ಟಿಗೆ ಅವ್ವನ ಕಡೆಯವರು ನಮ್ಮ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಇಂಥ ನಾನು ಮದುವೆಯಾದ ವರ್ಷವೇ ಬಸುರಿಯಾದೆ. ನಮ್ಮ ಕಡೆ ಚೊಚ್ಚಲ ಬಸುರಿಗೆ ತವರಿನ ಹೆಂಗಸರು ಹಸಿರು ಸೀರೆ, ಕುಬಸ ಹೊಲಿಸುವ ರವಿಕೆಯ ಕಣ, ಬುಟ್ಟಿಗಟ್ಟಲೆ ತಿಂಡಿ ಹೊತ್ತು ತಂದು ಉಡಿ ತುಂಬಬೇಕು. ಅದಕ್ಕೆ ಕುಬಸ ಎಂದೇ ಹೆಸರು. ಕಡಿಮೆಯೆಂದರೂ ಐದು ಮಂದಿ ಬರಬೇಕು. ನನಗೆ ಯಾರು ಬರುತ್ತಾರೆ? ಬಾವಿಕಟ್ಟೆಯ ಹೆಂಗಸರಿಗೆ ಬೇರೆ ಪ್ರಶ್ನೆಯೇ ಇರಲಿಲ್ಲ. “ಕುಬಸ ಬರದ ಸೊಸಿ” ಎಂದು ಜನ್ಮಪೂರ್ತಿ ಅನ್ನಿಸಿಕೊಳ್ಳಬೇಕಲ್ಲ ಎಂಬ ಹೆದರಿಕೆಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ಅತ್ತೆಯ ಮುಂದೆ ಹೇಳಿಕೊಳ್ಳೋಣವೆಂದರೆ ಅವರು ರಾಕ್ಷಸರ ಕೆಲಸದಲ್ಲಿ ಮುಳುಗಿಹೋಗಿದ್ದರು!

ಶ್ರಾವಣವಾದ್ದರಿಂದ ಗುಡಿಯಲ್ಲಿ ದಿನಾ ಸಂಜೆ ಪುರಾಣ ನಡೆಯುತ್ತಿತ್ತು. ಅತ್ತೆ ತಿಕೋಟಾದವರು, ಎತ್ತರದ ಆಳು, ದನಿ ಅದಕ್ಕಿಂತ ಎತ್ತರ. ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಅವತ್ತು ಪುರಾಣಿಕರು ಸಮುದ್ರ ಕಡೆಯುವ ಕಥೆ ಹೇಳುತ್ತಿದ್ದರು. ಅಮೃತ ಬಂತು, ದೇವರೆಲ್ಲ ಹಂಚಿಕೊಂಡು ಕುಡಿದರು, ರಾಕ್ಷಸರಿಗೆ ಸಿಗಲಿಲ್ಲ. ಸಭೆ ಭಕ್ತಿಯಿಂದ ಕೈಮುಗಿಯಿತು. ಅತ್ತೆ ಎದ್ದು ನಿಂತರು.

“ಯಪ್ಪಾ, ಒಂದ ಮಾತ ಕೇಳ್ತೀನ್ರಿ. ಹಗ್ಗದ ಒಂದ ಕಡೆ ದೇವರು, ಇನ್ನೊಂದ ಕಡೆ ರಾಕ್ಷಸರು. ಹೌದಲ್ರಿ?”

“ಹೌದವ್ವ.”

“ಹಾವಿನ ಹೆಡಿ ಇದ್ದ ಕಡೆ ಹಿಡದವ್ರು ಯಾರ್ರಿ?”

“ರಾಕ್ಷಸರು.”

“ಬುಸುಗುಡೂ ಕಡೆ ಹಿಡದು, ಮೈ ಸುಟಗೊಂಡು ದುಡದವ್ರಿಗೆ ಒಂದ ಗುಟುಕ ಸುದ್ದಾ ಇಲ್ಲ! ನಮ್ಮ ಮನ್ಯಾಗ ಮಜ್ಜಿಗಿ ಕಡಿಯಾಕ ಬಂದಾಕಿಗೆ ನಾ ಹಿಂಗ ಮಾಡಿದ್ರ ಊರ ಮಂದಿ ಸುಮ್ಮನ ಇರ್ತಿದ್ರ್ಯಾ?”

ಪುರಾಣಿಕರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. “ತಾಯೀ, ಅವರು ರಾಕ್ಷಸರು.”

“ಕೆಲಸಕ್ಕ ಕರಿಯೂ ಮುಂದ ಅದು ಗೊತ್ತಿರಲಿಲ್ಲೇನ್ರಿ?”

ಗುಡಿಯ ಮಂದಿಯೆಲ್ಲ ತಿರುಗಿ ನಮ್ಮ ಕಡೆಯೇ ನೋಡಿದರು! ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮದುವೆಯಾದ ಮೇಲೆ ನಾನು ಮೊದಲ ಸಲ ನಾಲ್ಕು ಮಂದಿಯ ನಡುವೆ ಕೂತಿದ್ದು, ಅದೂ ಇಂಥವರ ಪಕ್ಕದಲ್ಲಿ! ಮರುದಿನದಿಂದ ಪುರಾಣಿಕರು ರಾಕ್ಷಸರು ಬಂದ ಕೂಡಲೇ ಅತ್ತೆಯ ಕಡೆ ಒಮ್ಮೆ ನೋಡಿ, ಲಗುಲಗು ಓದಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಿದ್ದರು.

ಪುರಾಣ ಮುಗಿದರೆ ಪಾರಾದೆವು ಎಂದುಕೊಂಡಿರಾ? ಮನೆಯಲ್ಲಿ ಹುಲಿಗಳಿದ್ದವು! ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಮಾವ ಪಡಸಾಲೆಯ ಫರಸಿಕಲ್ಲಿನ ಮೇಲೆ ಗೆರೆ ಕೊರೆದು ಹುಲಿ-ಕುರಿ ಆಟ ಆಡುತ್ತಿದ್ದರು. ಮೂರು ಬೆಣಚುಕಲ್ಲು ಹುಲಿಗಳು, ಹುಣಸೆಬೀಜಗಳು ಕುರಿಗಳು. ಹುಲಿ ಹಾರಿ ಕುರಿ ತಿನ್ನಬೇಕು, ಕುರಿಗಳು ಸುತ್ತುಗಟ್ಟಿ ಹುಲಿಯನ್ನು ಕಟ್ಟಿಹಾಕಬೇಕು. ಅತ್ತೆಯದು ಯಾವತ್ತೂ ಹುಲಿಯ ಕಡೆ.

“ಯಾಕ್ರಿ ಅತ್ತಿ, ಒಂದಿನಾನೂ ಕುರಿ ತಗೊಳ್ಳೂದಿಲ್ಲಲ್ರಿ?” ಎಂದೆ.

“ಎಣಿಸಿ ನೋಡವಾ. ಕುರಿ ಒಂದ ಹಿಂಡ ಅದಾವು. ಹುಲಿ, ಪಾಪ, ಮೂರ ಅದಾವು. ಹಿಂಡಗಟ್ಟಲೆ ಬಂದು ಮೂರ ಮಂದೀನ ಮೂಲ್ಯಾಗ ನಿಲ್ಲಸ್ತಾವು ಅವು. ಕೆಟ್ಟ ಹೆಸರ ಮಾತ್ರ ಹುಲಿಗೆ!”

ಸರಿ, ಹುಲಿಯ ಕಡೆಯಾದರೂ ನೆಟ್ಟಗೆ ಆಡುತ್ತಿದ್ದರೇ? ಒಂದು ದಿನ ಮಾವನ ಕುರಿಯೊಂದು ಹುಲಿಯ ಬಾಯಿಗೇ ಬಂದು ಕೂತಿತು. ಅತ್ತೆ ಹುಲಿಯನ್ನು ಅಲ್ಲಾಡಿಸಲಿಲ್ಲ. ಮಾವನಿಗೇ ತಡೆಯಲಾಗಲಿಲ್ಲ.

“ಹೊಡಿ ಅದನ್ನ! ಬಾಯಾಗ ಬಂದು ಕುಂತೈತಿ, ಕಣ್ಣ ಕಾಣೂದಿಲ್ಲೇನ?”

“ಇವತ್ತ ಸೋಮವಾರರೀ. ನಮ್ಮ ಹುಲಿಗೋಳು ಉಪಾಸ ಅದಾವು.”

ಕೇಳಿದಿರಾ? ವ್ರತ ಹಿಡಿದ ಹುಲಿಗಳು! ಮಾವನ ಕುರಿಗಳು ಯಾವ ದಯೆಯೂ ಇಲ್ಲದೆ ಅವುಗಳನ್ನು ಕಟ್ಟಿಹಾಕಿದವು. ಅತ್ತೆ ಸಮಾಧಾನದಿಂದ ಕಲ್ಲುಗಳನ್ನು ಡಬ್ಬಿಗೆ ತುಂಬಿದರು. ಈ ಮನೆಯಲ್ಲಿ ಹುಟ್ಟುವ ನನ್ನ ಮಗುವಿನ ತಲೆ ನೆಟ್ಟಗಿರಲಪ್ಪಾ ಎಂದು ಅವತ್ತು ದೇವರಿಗೆ ಕಾಯಿ ಹರಸಿಕೊಂಡೆ.

ಅಷ್ಟರಲ್ಲಿ ನನ್ನನ್ನು ದವಾಖಾನೆಗೆ ತೋರಿಸಲು ಅತ್ತೆ ವಿಜಾಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರ್ ಎಲ್ಲಾ ಆರಾಮ ಎಂದರು. ಬಸ್ಸಿಗೆ ಇನ್ನೂ ಹೊತ್ತಿತ್ತು. “ಇಷ್ಟ ದೂರ ಬಂದು ಗುಮ್ಮಟ ನೋಡದ ಹೋಗೂದ್ಯಾ?” ಎಂದು ಗೋಳಗುಮ್ಮಟಕ್ಕೆ ನಡೆದೇಬಿಟ್ಟರು. ಬಸುರಿ ಮೆಟ್ಟಿಲು ಹತ್ತಬಾರದೆಂದು ನನ್ನನ್ನು ಕೆಳಗೆ ಗುಮ್ಮಟದೊಳಗಿನ ನೆರಳಿಗೆ ಕೂಡಿಸಿ, ಸೀರೆಯ ಕಚ್ಚೆ ಬಿಗಿದು ಒಬ್ಬರೇ ಮೇಲೆ ಹತ್ತಿದರು. ಅಲ್ಲಿಗೆ ಬಂದವರೆಲ್ಲ ತಮ್ಮ ಹೆಸರನ್ನೋ ಮಕ್ಕಳ ಹೆಸರನ್ನೋ ಕೂಗಿ ಮಾರ್ದನಿ ಕೇಳಿ ನಗುತ್ತಿದ್ದರು. ಇದ್ದಕ್ಕಿದ್ದಂತೆ ಗುಮ್ಮಟ ಗುಡುಗಿತು:

“ರಾಕ್ಷಸರ್ಯಾ! ಆರಾಮ ಅದೀರೇನ್ರೋ?”

ಅದೀರೇನ್ರೋ, ಅದೀರೇನ್ರೋ ಎಂದು ಗೋಡೆ ಗೋಡೆಯೂ ಒದರಿತು! ಕೂಸೊಂದು ಕಿಟಾರನೆ ಚೀರಿಕೊಂಡಿತು. ಕಡಲೆ ಮಾರುವವನು ಬುಟ್ಟಿ ಇಳಿಸಿ ಮೇಲೆ ನೋಡಿದ. ನಾನು ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ಇವರು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ಕೂತೆ. ಅತ್ತೆ ಏದುಸಿರು ಬಿಡುತ್ತ ಇಳಿದು ಬಂದು ಪಕ್ಕದಲ್ಲೇ ಕೂತರು.

“ಕೇಳಿದ್ಯಾ? ಒಂದ ಸಲ ಕರದ್ರ ಏಳ ಸಲ ಓ ಅಂದ್ರು. ನಿಮ್ಮ ಮಾವ ಏಳ ಸಲ ಕರದ್ರ ಒಂದ ಸಲಾನೂ ಓ ಅನ್ನೂದಿಲ್ಲ!”

ನಗು ತಡೆಯಲಾಗಲಿಲ್ಲ. ನಾನು ನಗುತ್ತಿರುವಾಗಲೇ ಅವರು ಮೆಲ್ಲಗೆ ಕೇಳಿದರು: “ನಿನ್ನ ತವರಮನಿ ಇಲ್ಲೇ ಹತ್ರ ಅಲ್ಲೇನ? ನಡಿ, ನಿಮ್ಮ ಚಿಗವ್ವನ್ನ ಕಂಡು ಕುಬಸದ ಮಾತ ಹೇಳಿ ಬರೂಣು.”

ನನ್ನ ನಗು ಅಲ್ಲೇ ನಿಂತಿತು. “ನಾ ಒಲ್ಲೆರಿ! ಆಕಿ ಕೈಯಾಗಿಂದು ಕುಬಸ ನನಗ ಬ್ಯಾಡ.”

“ಯಾಕ? ಹೊಡದಾಳೇನ ನಿನ್ನ?”

“ಇಲ್ರಿ.”

“ಉಪಾಸ ಕೆಡವ್ಯಾಳೇನ?”

“ಇಲ್ಲ. ನಮ್ಮವ್ವನ ಸೀರಿ ಉಟಗೊಂಡು ಅಡಗಿಮನ್ಯಾಗ ನಿಂತಿದ್ಲುರಿ. ಬಂದ ವಾರದಾಗ! ಹಿಂದಿನಿಂದ ನೋಡಿ ನಾ ಅವ್ವಾ ಅಂತ ಓಡಿ ಹೋಗಿದ್ದೆ.”

ಅತ್ತೆ ನನ್ನ ಕಡೆ ತಿರುಗಿ ಕೂತರು. “ಆ ಸೀರಿ ಆಕಿಗೆ ಯಾರ ಕೊಟ್ರು?”

“ಅಪ್ಪ.”

“ಮತ್ತ ಅಪ್ಪನ ಮ್ಯಾಲ ಸಿಟ್ಟ ಆಗಬೇಕಿಲ್ಲೇನ? ಆಕಿ ಬರೂ ಮುಂದ ಆಕಿ ಪೆಟ್ಟಿಗ್ಯಾಗ ಉಟಗೊಳ್ಳಾಕ ಏನಿತ್ತು, ಯಾರರ ಕೇಳಿದ್ರ್ಯಾ?”

ನನಗೆ ಮೈಯೆಲ್ಲ ಉರಿಯಿತು. ರಾಕ್ಷಸರಾಯಿತು, ಹುಲಿಗಳಾಯಿತು, ಈಗ ಮಲತಾಯಿಯ ವಕಾಲತ್ತು! ಸ್ವಂತ ಸೊಸೆಯ ಕಡೆ ಮಾತಾಡುವವರು ಯಾರೂ ಇಲ್ಲವೇ ಈ ಲೋಕದಲ್ಲಿ? ಬಸ್ಸಿನಲ್ಲಿ ಬಬಲೇಶ್ವರದವರೆಗೂ ನಾನು ಕಿಡಕಿಯ ಹೊರಗೆ ನೋಡುತ್ತಲೇ ಕೂತೆ.

ಹಿರಿಯರು ಕುಬಸದ ದಿನ ಇಟ್ಟರು. ನಿಡೋಣಿಗೆ ಕೊಟ್ಟಿದ್ದ ನಾದಿನಿಯೂ ಬಂದಳು. ಅತ್ತೆ ಮಾತ್ರ ಹಿಂದಿನ ದಿನವೇ, “ತಿಕೋಟಾಕ್ಕ ಹೋಗಿ ಬರ್ತೀನಿ” ಎಂದು ಹೊರಟುಬಿಟ್ಟರು. ಎಂಥ ಹೊತ್ತಿನಲ್ಲಿ! ಕುಬಸದ ದಿನ ಓಣಿಯ ಹೆಂಗಸರೆಲ್ಲ ಪಡಸಾಲೆ ತುಂಬಿದರು. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಎದುರಿಗೆ ತವರಿನವರಿಗೆಂದು ಹಾಸಿದ ಜಮಖಾನೆ ಖಾಲಿ. ಎಲ್ಲರೂ ಜಮಖಾನೆಯನ್ನೇ ನೋಡಿದರು. ಬಿಸಿಲು ಅಂಗಳಕ್ಕೆ ಬಂತು. ಬಾವಿಕಟ್ಟೆಯ ಒಬ್ಬಾಕೆ ಬಾಯಿಗೆ ಸೆರಗು ಹಿಡಿದು ಪಕ್ಕದವಳ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ತಲೆ ತಗ್ಗಿಸಿ, ಅಳಬಾರದು, ಅಳಬಾರದು ಎಂದು ಹಲ್ಲು ಕಚ್ಚಿ ಕೂತಿದ್ದೆ.

ಆಗ ಬಾಗಿಲಾಚೆಯಿಂದ ಆ ದನಿ ಬಂತು.

“ಯಾರ ಅದೀರಿ ಮನ್ಯಾಗ? ಹುಡುಗಿ ತವರಿನವ್ರು ಬಂದೇವಿ! ಕಾಲಿಗೆ ನೀರ ಕೊಡೂ ರೀತಿ ಐತೋ ಇಲ್ಲೋ ಈ ಮನ್ಯಾಗ?”

ಎಲ್ಲರೂ ಎದ್ದು ನೋಡಿದರೆ, ತಲೆಯ ಮೇಲೆ ದೊಡ್ಡ ಬುಟ್ಟಿ ಹೊತ್ತು, ತಮ್ಮ ಮನೆಯ ಬಾಗಿಲಲ್ಲಿ ತಾವೇ ಬೀಗರಾಗಿ ನಿಂತಿದ್ದಾರೆ ನಮ್ಮ ಅತ್ತೆ! ಹಿಂದೆ ತಿಕೋಟಾದ ಅವರ ಅಣ್ಣನ ಹೆಂಡತಿ, ತಂಗಿ, ಬಳೆಗಾರರ ಮನೆಯ ಅವರ ಬಾಲ್ಯದ ಗೆಳತಿ ಬೀಬಿ. ಎಲ್ಲರ ತಲೆಯ ಮೇಲೂ ಬುಟ್ಟಿಗಳು. ಎಲ್ಲರಿಗಿಂತ ಹಿಂದೆ, ಹೊಸ್ತಿಲಾಚೆಗೆ, ಎದೆಗೆ ಒಂದು ಗಂಟು ಅವಚಿಕೊಂಡು ಚಿಗವ್ವ. ಬರಲೋ ಬೇಡವೋ ಎಂದು ನಿಂತಿದ್ದಳು. ಮಾವ ಕಕ್ಕಾಬಿಕ್ಕಿಯಾಗಿ ತಾವೇ ತಂಬಿಗೆಯಲ್ಲಿ ನೀರು ತಂದರು. ಹೆಂಡತಿಯ ಕಾಲಿಗೆ ನೀರು ಕೊಟ್ಟ ಗಂಡಸನ್ನು ಬಬಲೇಶ್ವರ ಅವತ್ತೇ ಮೊದಲು ಕಂಡದ್ದು!

ಅತ್ತೆ ಚಿಗವ್ವನ ರಟ್ಟೆ ಹಿಡಿದು ಒಳಗೆ ಕರೆತಂದು, ತವರಿನವರ ಜಮಖಾನೆಯ ನಡುವೆ ಕೂಡಿಸಿ, ತಾವೂ ಅಲ್ಲೇ ಒತ್ತಿ ಕೂತರು. ನಾದಿನಿಗೆ ಸಿಟ್ಟು ಬಂತು.

“ಅವ್ವಾ, ಏನಿದು ಹುಚ್ಚಾಟ? ನೀ ಗಂಡಿನ ಕಡ್ಯಾಕಿ. ಈ ಕಡೆ ಬಂದು ಕೂಡು!”

“ಈ ಕಡೆ ನೀವು ಮನಿ ತುಂಬ ಅದೀರಿ,” ಎಂದರು ಅತ್ತೆ. “ಸೊಸಿ ಕಡೆ ಯಾರೂ ಇಲ್ಲ. ಪಾಪ, ಈ ಚಿಗವ್ವ ಒಬ್ಬಾಕಿ, ಕರದ್ರ ಬರ್ತೀನಿ ಅಂತ ವಿಜಾಪುರದಾಗ ಕಾಯ್ಕೊಂತ ಕುಂತಿದ್ಲು, ಹೋಗಿ ಕರಕೊಂಡ ಬಂದೆ. ನನ್ನ ತವರು ದೊಡ್ಡದೈತಿ, ಇವತ್ತಿನಿಂದ ಅರ್ಧಾ ನನ್ನ ಸೊಸೀದು.”

ಚಿಗವ್ವ ಗಂಟು ಬಿಚ್ಚಿ ಹಸಿರು ಸೀರೆ ನನ್ನ ಹೆಗಲಿಗೆ ಹೊದಿಸಿದಳು. ಬೀಬಿ ಬಳೆ ತೊಡಿಸಿದಳು. ಐದೂ ಮಂದಿ ಒಬ್ಬೊಬ್ಬರಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಬಾಳೆಹಣ್ಣು ಉಡಿಗೆ ಹಾಕಿದರು. ಕೊನೆಗೆ ಅತ್ತೆ ಎರಡು ಬೊಗಸೆ ಹೆಚ್ಚಿಗೆ ಸುರಿದರು.

ನನಗೆ ದುಃಖ ಉಕ್ಕಿ ಬಂತು. ಎಷ್ಟು ತಡೆದರೂ ನಿಲ್ಲಲಿಲ್ಲ.

“ಅಳಬ್ಯಾಡ ಯವ್ವಾ, ಉಡಿ ಭಾರ ಐತಿ, ಎರಡೂ ಕೈಲೆ ಗಟ್ಟಿ ಹಿಡಿ,” ಎಂದರು ಅತ್ತೆ. ಅಷ್ಟು ಎತ್ತರದ ಅವರ ದನಿ ನಡುವೆಯೇ ಒಡೆಯಿತು.

ಹೇಳಿದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡೆ. ಕಣ್ಣೊರೆಸಿಕೊಳ್ಳಲು ನನಗೆ ಕೈ ಉಳಿದಿರಲಿಲ್ಲ. ಚಿಗವ್ವ ಹತ್ತಿರ ಸರಿದು ತನ್ನ ಸೆರಗಿನಿಂದ ಒರೆಸಿದಳು.