ಡೇಟಾಬೇಸಿಗೆ ಮಡಿಲಕ್ಕಿ

"ನೋಡ್ತಾ ಇರು ವನಜಾ, ಕಣ್ಣು ಮಿಟುಕಿಸೋದ್ರೊಳಗೆ ಮುಗಿದ್ಹೋಗುತ್ತೆ!"

ನನ್ನ ಗಂಡನ ಅಣ್ಣ ತ್ರಿವಿಕ್ರಮ ಭಾವ ಪುರಸಭೆಯ ಕಂಪ್ಯೂಟರ್ ಕೋಣೆಯಲ್ಲಿ ಎದೆಯುಬ್ಬಿಸಿ ನಿಂತಿದ್ದರು. ಪಕ್ಕದಲ್ಲಿ ಅವರ ಹೊಸ ಯಂತ್ರ 'ದಿಬ್ಬಣ'. ಇಡ್ಲಿ ಪಾತ್ರೆಗೆ ಎರಡು ಕೈ ಅಂಟಿಸಿದ ಹಾಗಿತ್ತು.

ಊರಿನ ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ಹೇಳುವ ಡೇಟಾಬೇಸ್ ಅಲ್ಲಿನ ಸರ್ವರಿನಲ್ಲಿತ್ತು. ಅದಿದ್ದ ಸಿ ಡ್ರೈವ್ ತುಂಬಿಹೋಗಿತ್ತು, ಡಿ ಡ್ರೈವ್ ಖಾಲಿ ಬಿದ್ದಿತ್ತು. ಒಂದೇ ಪೆಟ್ಟಿಗೆಯೊಳಗೆ ಗೇಣು ದೂರ ಸಾಗಿಸಬೇಕು, ಅಷ್ಟೇ! ಅಷ್ಟಕ್ಕೊಂದು ಯಂತ್ರ ಯಾಕೆಂದು ಯಾರೂ ಕೇಳಲಿಲ್ಲ. ನನಗಂತೂ ಬೇಗ ಮುಗಿದರೆ ಸಾಕಾಗಿತ್ತು. ಈ ಕೆಲಸಕ್ಕೆಂದು ನಲ್ಲಿಗಳನ್ನೆಲ್ಲ ನಿಲ್ಲಿಸಿದ್ದರು. ನನ್ನ ಇಡ್ಲಿ ಹೋಟೆಲಿನಲ್ಲಿ ಅಕ್ಕಿ ತೊಳೆಯಲೂ ಹನಿ ನೀರಿರಲಿಲ್ಲ.

ಭಾವ ಗುಂಡಿ ಒತ್ತಿದರು. ಡೇಟಾಬೇಸನ್ನು ಸಿ ಡ್ರೈವಿನಿಂದ ಹೊರಡಿಸಿದ ದಿಬ್ಬಣ ನಡುದಾರಿಯಲ್ಲೇ ನಿಂತಿತು.

"ಮಡಿಲಕ್ಕಿ ಎಲ್ಲೇ?"

ಥೇಟ್ ನಮ್ಮತ್ತೆಯ ದನಿ!

"ಇದೇನು ಭಾವ?"

"ಸಾಗಿಸುವಾಗ ಏನೂ ಕಳೀಬಾರ್ದಲ್ಲ? ಅಮ್ಮ ಐದು ಹೆಣ್ಮಕ್ಕಳನ್ನ ಗಂಡನ ಮನೆಗೆ ಕಳ್ಸಿದಾಳೆ, ಒಂದು ಚಮಚ ಕಳೆದಿಲ್ಲ! ಅದಕ್ಕೇ ಅವಳ ಬುದ್ಧೀನೇ ತುಂಬಿಸ್ದೆ."

"ಅಯ್ಯೋ ನನ್ನ ಕರ್ಮವೇ!"

ಮುಖ್ಯಾಧಿಕಾರಿಗಳು ಓಡಿಬಂದರು. "ಕೇಳಿದ್ದು ಕೊಟ್ಟುಬಿಡಮ್ಮಾ! ಕಂಪ್ಯೂಟರ್ ಬಿಡಿಭಾಗ ಅಂತ ಬರೆದ್ಕೋತೀವಿ!"

ನನ್ನ ಹೋಟೆಲಿನ ಅಕ್ಕಿಯೇ ಬಂತು. ಬೆಲ್ಲ, ಕೊಬ್ಬರಿ, ಅರಿಶಿನ ಕುಂಕುಮ ಎಲ್ಲವನ್ನೂ ಸರ್ವರಿನ ಮುಂದಿಟ್ಟೆವು. ಆಮೇಲೆ ರಾಹುಕಾಲ ಕಳೆಯಬೇಕೆಂದಿತು. ಅದೂ ಕಳೆಯಿತು.

"ಹೆಣ್ಣಿನ ಕಡೆಯೋರು ಒಬ್ರಾದ್ರೂ ಅಳಬಾರ್ದಾ? ಎಂಥ ಕಲ್ಲು ಮನಸ್ಸು!"

ನಾನು ಕಷ್ಟಪಡಬೇಕಾಗಿರಲಿಲ್ಲ. ಬಾಗಿಲು ಹಾಕಿದ ಹೋಟೆಲನ್ನು ನೆನೆದು ಗೊಳೋ ಎಂದು ಅತ್ತುಬಿಟ್ಟೆ. ದಿಬ್ಬಣಕ್ಕೆ ಸಮಾಧಾನವಾಯಿತು. ಡೇಟಾಬೇಸ್ ಬಲಗಾಲಿಟ್ಟು ಡಿ ಡ್ರೈವ್ ಹೊಕ್ಕಿತು, ನಲ್ಲಿಗಳು ಭೋರ್ಗರೆದವು! ಭಾವನಿಗೆ ಪೇಟ, ಶಾಲು, ಹಾರ. ನಾನು ಹೋಗಿ ಅಕ್ಕಿ ನೆನೆಹಾಕಿದೆ.

ಚೆನ್ನಾಗಿಯೇ ನಡೆಯುತ್ತಿತ್ತು. ಆಷಾಢ ಹುಟ್ಟಿದ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬರೀ ಗಾಳಿ! ಪುರಸಭೆಗೆ ಓಡಿದೆ. ಡಿ ಡ್ರೈವ್ ಖಾಲಿ. ಭಾವ ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಎಲ್ಲಿಗೆ ಕಳಿಸ್ದೆ ಅದನ್ನ?" ಎಂದು ದಿಬ್ಬಣವನ್ನು ಗದರಿದೆ.

"ತವರಿಗೆ. ಮೊದಲನೇ ಆಷಾಢ ಕಣೇ! ಹೊಸ ಹೆಣ್ಣು ಗಂಡನ ಮನೇಲಿರಬಾರ್ದು ಅಂತ ಗೊತ್ತಾಗಲ್ವಾ?"

ಡೇಟಾಬೇಸ್ ಸಿ ಡ್ರೈವಿನಲ್ಲಿ ಹಾಯಾಗಿತ್ತು. ನಲ್ಲಿಗಳಿಗೆ ಮಾತ್ರ ಡಿ ಡ್ರೈವಿನ ವಿಳಾಸವಷ್ಟೇ ಗೊತ್ತು.

"ವಾಪಸ್ ಕರೆಸಿ ಭಾವ!"

"ಅಮ್ಮನ ಮಾತು ಮೀರೋ ಗುಂಡಿನೇ ಇಟ್ಟಿಲ್ಲ ಕಣಮ್ಮ. ಇಡೋಕೆ ಧೈರ್ಯ ಬರ್ಲಿಲ್ಲ."

ಮುಖ್ಯಾಧಿಕಾರಿಗಳು ಖುಷಿಯಿಂದಲೇ ನೋಟೀಸು ಅಂಟಿಸಿದರು: 'ಡೇಟಾಬೇಸ್ ತವರಿಗೆ ಹೋಗಿರುವುದರಿಂದ ಶ್ರಾವಣದವರೆಗೆ ನೀರು ಬರುವುದಿಲ್ಲ.' ನೀರಿಲ್ಲವೆಂದರೆ ಖಾಲಿ ಕೊಡ ಹಿಡಿದು ರಸ್ತೆಗಿಳಿಯುವ ಊರು, ಈ ಸಲ ತಲೆದೂಗಿ ಮನೆಗೆ ಹೋಯಿತು. ಶಾಸ್ತ್ರ ಅಂದಮೇಲೆ ಶಾಸ್ತ್ರ!

ನಾನೂ ಹೋಟೆಲಿಗೆ ಬೀಗ ಜಡಿದು ಬೋರ್ಡು ತಗುಲಿಸಿದೆ: 'ಮಾಲೀಕರು ತವರಿಗೆ ಹೋಗಿದ್ದಾರೆ.' ಅಲ್ಲಿ ಇನ್ನೂ ಬಾವಿ ಇದೆ.